ನಮ್ಮ ಕನ್ವರ್ಟರ್ ದಾವಣಗೆರೆಯಿಂದ ದುರ್ಗಕ್ಕೆ ಹೋಯಿತು: ಪದೇ ಪದೇ ಕೇಳುವ ಪ್ರಶ್ನೆಗಳು

'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲುಗಳನ್ನು, ಈಗ ಎಲ್ಲ ಕಡೆ ಓದಬಲ್ಲ ಯೂನಿಕೋಡ್‌ಗೆ ಬದಲಾಯಿಸುವ ಚಿಕ್ಕ ಪ್ರೋಗ್ರಾಂ ಇದು. ದಾವಣಗೆರೆಯಲ್ಲಿ ಕೂತು ಒಂಬತ್ತು ವರ್ಷ ನಾನು ನೋಡಿಕೊಂಡೆ. ಈ ಯುಗಾದಿಯಿಂದ ಚಿತ್ರದುರ್ಗದ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ಸುದ್ದಿ ಗೊತ್ತಾದಾಗಿನಿಂದ ಪ್ರೆಸ್ಸಿನವರು, ಡಿಟಿಪಿ ಅಂಗಡಿಯವರು, ಕಾಲೇಜಿನ ಹುಡುಗರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡುತ್ತಿದ್ದಾರೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆದಿಟ್ಟಿದ್ದೇನೆ. ಮೊದಲಿನ ಕೆಲವು ಪ್ರಶ್ನೆಗಳು ಬಳಸುವವರದ್ದು. ಉಳಿದವು ನನ್ನ ಹಾಗೆ ತಮ್ಮ ಪ್ರಾಜೆಕ್ಟನ್ನು ಬೇರೆಯವರಿಗೆ ಒಪ್ಪಿಸಬೇಕು ಅಂತ ಇರುವವರದ್ದು.

ಕನ್ವರ್ಟರ್ ಬಂದ್ ಆಗ್ತಿದೆಯಂತೆ, ಹೌದಾ?

ಇಲ್ಲ. ಮಂಡಿಪೇಟೆ ಕಡೆಯ ಪ್ರೆಸ್ಸಿನವರೊಬ್ಬರು "ಏನ್ರೀ, ಅಂಗಡಿ ಎತ್ತಿಬಿಟ್ರಂತೆ?" ಅಂತ ಕೇಳಿದರು. ಅಂಗಡಿ ಅಲ್ಲೇ ಇದೆ. ಗಲ್ಲಾ ಮೇಲೆ ಕೂತವರು ಬದಲಾಗಿದ್ದಾರೆ. ನಿಮ್ಮ ಕಂಪ್ಯೂಟರಿನಲ್ಲಿ ಈಗ ಇರುವುದು ಹಾಗೇ ಕೆಲಸ ಮಾಡುತ್ತದೆ.

ಇನ್ಮೇಲೆ ದುಡ್ಡು ಕೊಡಬೇಕಾ?

ಬೇಡ.

ಹಾಗಾದ್ರೆ ನೀವು ಅವರಿಗೆ ಕೊಟ್ಟಿದ್ದಾದರೂ ಏನು?

ಕೋಡ್ ಅಂತೂ ಅಲ್ಲ. ಅದು ಜಿಪಿಎಲ್ ಲೈಸೆನ್ಸ್ ಅಡಿಯಲ್ಲಿ ಮೊದಲ ದಿನದಿಂದಲೇ ಎಲ್ಲರ ಕೈಯಲ್ಲಿದೆ. ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದು, ಹಂಚಬಹುದು. ಹಂಚುವಾಗ ಅದೇ ಲೈಸೆನ್ಸ್ ಇಟ್ಟು ಕೋಡನ್ನೂ ಕೊಡಬೇಕು. ಅದಕ್ಕೆ ನನ್ನ ಅಪ್ಪಣೆ ಯಾವತ್ತೂ ಬೇಕಿರಲಿಲ್ಲ.

ನಾನು ಕೊಟ್ಟಿದ್ದು ಬೀಗದ ಕೈ. ನೀವು 'ಅಪ್‌ಡೇಟ್' ಅಂತ ಒತ್ತಿದಾಗ ನಿಮ್ಮ ಕಂಪ್ಯೂಟರಿನೊಳಗೆ ಏನು ಬಂದು ಕೂರಬೇಕು ಅನ್ನುವುದನ್ನು ಇಷ್ಟು ದಿನ ನಾನು ನೋಡುತ್ತಿದ್ದೆ. ಇನ್ನು ಮೇಲೆ ಅವರು ನೋಡುತ್ತಾರೆ. ಪ್ರೆಸ್ಸಿನ ಕಂಪ್ಯೂಟರ್ ಅಂದ್ರೆ ಗೊತ್ತಲ್ಲ, ಮದುವೆ ಕಾರ್ಡಿನಿಂದ ಹಿಡಿದು ಪ್ರಶ್ನೆಪತ್ರಿಕೆವರೆಗೆ ಎಲ್ಲ ಅದರಲ್ಲೇ. ಹೆಸರು ಅದೇ, ಇಳಿಸಿಕೊಳ್ಳುವ ಜಾಗವೂ ಅದೇ. ಒಳಗಿನ ಕೈ ಮಾತ್ರ ಬೇರೆ. ಬಳಸುವವರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿಯೇ ಗಣಪತಿ ಹಬ್ಬಕ್ಕೆ ಶುರು ಮಾಡಿದ ಕೆಲಸ ಮುಗಿಯುವಷ್ಟರಲ್ಲಿ ಯುಗಾದಿ ಬಂತು.

ಇದು ಫೋರ್ಕ್ ಅಂತಾರಲ್ಲ, ಅದಾ?

ಅಲ್ಲ. ಫೋರ್ಕ್ ಅಂದ್ರೆ ಒಂದು ಪ್ರಾಜೆಕ್ಟ್ ಎರಡಾಗಿ ಕವಲೊಡೆಯುವುದು. 1997ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ ಬೇರೆ ಜಿಲ್ಲೆಯಾಯಿತಲ್ಲ, ಅದು ಫೋರ್ಕ್. ಎರಡೂ ಕಡೆ ಕಚೇರಿ, ಎರಡೂ ಕಡೆ ಬೋರ್ಡು, ಅಲ್ಲಿಂದ ಮುಂದೆ ಅವರ ದಾರಿ ಅವರಿಗೆ. 2010ರಲ್ಲಿ ಓಪನ್ ಆಫೀಸಿನಿಂದ ಲಿಬ್ರೆ ಆಫೀಸ್ ಬೇರೆಯಾಗಿದ್ದೂ ಹೀಗೆಯೇ. ನಾವು ಮಾಡಿದ್ದು ಡಿಸಿ ವರ್ಗವಾದ ಹಾಗೆ. ಕಚೇರಿ ಒಂದೇ, ಹಳಬರು ಚಾರ್ಜ್ ಕೊಟ್ಟರು, ಹೊಸಬರು ಚಾರ್ಜ್ ತಗೊಂಡರು.

(ದಾವಣಗೆರೆಯದ್ದು ಮತ್ತೆ ದುರ್ಗಕ್ಕೇ ಹೋಯ್ತಾ ಅಂತ ತಮಾಷೆ ಮಾಡುವವರೆಲ್ಲ ಮಾಡಿ ಮುಗಿಸಿದ್ದಾರೆ. ದಯವಿಟ್ಟು ಬೇರೆ ಹುಡುಕಿ.)

ಯಾಕೆ ಬಿಟ್ರಿ? ಚೆನ್ನಾಗೇ ನಡೀತಿತ್ತಲ್ಲ?

ಹೊರಗಿನಿಂದ ಹಾಗೆ ಕಾಣುತ್ತಿತ್ತು. ಒಳಗೆ ನೋಡಿದ್ದರೆ, ಒಂದು ಅರ್ಕಾವತ್ತಿನ ದೂರು ಎಂಟು ತಿಂಗಳು ಉತ್ತರವಿಲ್ಲದೆ ಕೂತಿತ್ತು. ಬರೆದವರು ನಾಲ್ಕು ಸಲ ನೆನಪಿಸಿದ್ದರು, ನಾಲ್ಕೂ ಸಲ ಮರ್ಯಾದೆಯಿಂದಲೇ. ಅದೇ ಜಾಸ್ತಿ ಚುಚ್ಚಿತು. ಮನೆಯಲ್ಲಿ ಚಿಕ್ಕ ಮಗು, ಹಗಲು ಬೇರೆ ಕೆಲಸ. ರಾತ್ರಿ ಲ್ಯಾಪ್‌ಟಾಪ್ ತೆಗೆದರೆ ದೂರಿನ ಸಂಖ್ಯೆ ನೋಡಿ ಮುಚ್ಚಿಬಿಡುತ್ತಿದ್ದೆ. ಮೇಂಟೇನರ್, ಅಂದ್ರೆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಅದನ್ನು ಬಿಡುವ ದಿನ ಬೇರೆ, ಬಿಟ್ಟೆ ಅಂತ ಹೇಳುವ ದಿನ ಬೇರೆ. ನನ್ನ ವಿಷಯದಲ್ಲಿ ಎರಡರ ನಡುವೆ ಒಂದೂವರೆ ವರ್ಷ ಇತ್ತು. ಅಷ್ಟು ಕಾಯಬಾರದಿತ್ತು.

ಅವರನ್ನೇ ಯಾಕೆ ಆರಿಸಿದ್ರಿ?

ಮೊಳಕಾಲ್ಮೂರಿನ ದೆಸೆಯಿಂದ.

ನುಡಿಯ ಹಳೆಯ ಫಾಂಟಿನಲ್ಲಿ 'ಮ' ಅನ್ನುವುದು ಒಂದು ಅಕ್ಷರ ಅಲ್ಲ, ಮೂರು ತುಂಡು. 'ಯ' ನಾಲ್ಕು ತುಂಡು. 'ಮ' ಶುರುವಾಗುವುದೇ 'ವ'ದ ತುಂಡಿನಿಂದ. ತುಂಡುಗಳನ್ನು ಜೋಡಿಸಿ ಯೂನಿಕೋಡ್ ಅಕ್ಷರ ಮಾಡುವುದೇ ಕನ್ವರ್ಟರಿನ ಕೆಲಸ. 'ಕೊ' ಬರೆಯಬೇಕಾದರೆ 'ಕೆ'ಯ ತುಂಡಿನ ಪಕ್ಕ ಒಂದು ಕೊಂಬು. ನನ್ನ ಕೋಡ್ 'ಕೆ' ನೋಡಿ, ಕೊಂಬು ನೋಡಿ, ಸರಿಯಾಗಿ 'ಕೊ' ಅನ್ನುತ್ತಿತ್ತು. ಅದೇ ಲೆಕ್ಕ 'ಮೊ'ಗೆ ಹಾಕಿದರೆ ಏನಾಗುತ್ತದೆ? 'ವೆ' ಕಾಣುತ್ತದೆ, ಕೊಂಬು ಕಾಣುತ್ತದೆ, 'ವೊ' ಅಂತ ಬರೆದುಬಿಡುತ್ತದೆ. 'ಮೊದಲು' ಅನ್ನುವಂಥ ಪದಗಳಿಗೆ ಯಾವಾಗಲೋ ಒಂದು ತೇಪೆ ಹಾಕಿದ್ದೆ. ಪಟ್ಟಿಯಲ್ಲಿ ಇಲ್ಲದ ಪದ ಬಂದರೆ ಮತ್ತೆ ಅದೇ ಕಥೆ.

ಅವರ ಮನೆಯವರದ್ದು ಮೊಳಕಾಲ್ಮೂರು ರೇಷ್ಮೆ ಸೀರೆ ವ್ಯಾಪಾರ. ಹಳೆಯ ಬಿಲ್ಲುಗಳನ್ನೆಲ್ಲ ಕನ್ವರ್ಟ್ ಮಾಡಿದಾಗ ಪ್ರತಿ ಬಿಲ್ಲಿನಲ್ಲೂ 'ವೊಳಕಾಲ್ಮೂರು' ಅಂತ ಬಂದಿದೆ. ಬೇರೆಯವರಾಗಿದ್ದರೆ ನಮಗೆ ನಾಲ್ಕು ಮಾತು ಬೈದು ಬರೆಯುತ್ತಿದ್ದರು. ಅವರು ಕೋಡ್ ತೆಗೆದು ನೋಡಿ, ತೇಪೆ ಕಿತ್ತು, ಉದ್ದದ ಜೋಡಣೆಯನ್ನು ಮೊದಲು ಹುಡುಕಿ ಆಮೇಲೆ ಚಿಕ್ಕದಕ್ಕೆ ಹೋಗುವ ಹಾಗೆ ಮಾಡಿ ಕಳಿಸಿದರು. ಜೊತೆಗೆ ಮೂರು ಪರೀಕ್ಷೆ: 'ಮೊಳಕಾಲ್ಮೂರು' ಸರಿಯಾಯಿತಾ, 'ಕೊಟ್ಟೂರು' ಕೆಟ್ಟಿಲ್ಲ ತಾನೆ, ನಿಜವಾಗಿಯೂ 'ವೋ' ಇರುವ 'ಸರ್ವೋಚ್ಚ' ಹಾಗೇ ಇದೆಯಾ. ಆ ಮೂರನೆಯದನ್ನು ನೋಡಿ ಕೂತಲ್ಲೇ ಶಿಳ್ಳೆ ಹಾಕಿದೆ. ತಾನು ಮಾಡಿದ ರಿಪೇರಿ ಪಕ್ಕದ ಮನೆಯ ಗೋಡೆ ಕೆಡವಿಲ್ಲ ತಾನೆ ಅಂತ ಹೋಗಿ ನೋಡಿ ಬರುವ ಬುದ್ಧಿ ಅದು.

ಹಾಗಂತ ಅದೊಂದಕ್ಕೇ ಬೀಗದ ಕೈ ಕೊಡಲಿಲ್ಲ. ಆಮೇಲೆ ಒಬ್ಬರು ಬಂದು, ಫೈಲನ್ನು ಆನ್‌ಲೈನ್ ಸರ್ವರಿಗೆ ಕಳಿಸಿ ಅಲ್ಲೇ ಬದಲಾಯಿಸುವ ಸೌಲಭ್ಯ ಬೇಕು, ಕೋಡ್ ನಾನೇ ಬರೆದುಕೊಡುತ್ತೇನೆ ಅಂದರು. ನಾನು ಸುಮ್ನೆ ಇದ್ದು ನೋಡಿದೆ. ಇವರು ಬರೆದ ಉತ್ತರ ಎರಡೇ ಸಾಲು: "ಪ್ರೆಸ್ಸಿನವರ ಫೈಲು ಅವರ ಕಂಪ್ಯೂಟರ್ ದಾಟಿ ಹೋಗಬಾರದು ಸರ್. ಬೇರೆ ಏನಾದರೂ ಇದ್ದರೆ ಹೇಳಿ, ಕೂತು ಮಾಡೋಣ." ಕೋಡ್ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಪುಕ್ಕಟೆ ಬಂದ ಕೋಡನ್ನು ಬೇಡ ಅನ್ನುವವರು, ಅದೂ ಬಂದವರ ಮನಸ್ಸು ಮುರಿಯದೆ ಅನ್ನುವವರು, ಕಡಿಮೆ.

ದೊಡ್ಡವರ ಕಥೆಯೂ ಇಂಥದ್ದೇ. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಶುರು ಮಾಡಿ, ಅದೇ ವರ್ಷದ ಜುಲೈನಲ್ಲಿ ಜುನಿಯೋ ಹಮಾನೋ ಅವರಿಗೆ ಒಪ್ಪಿಸಿಬಿಟ್ಟರು. ಹಮಾನೋ ಅಷ್ಟರಲ್ಲಾಗಲೇ ಗಿಟ್‌ಗೆ ಕೋಡ್ ಕಳಿಸುತ್ತಿದ್ದವರು. ನಾಲ್ಕೇ ತಿಂಗಳಿನ ಕೂಸನ್ನು ಕೊಟ್ಟು ಕೈ ತೊಳೆದುಕೊಂಡರು ಅಂತ ಯಾರೂ ಅನ್ನಲಿಲ್ಲ. ಸರಿಯಾದ ಕೈಗೆ ಹೋಗಿತ್ತು, ಅಲ್ವಾ?

ಒಂದು ಬಟನ್ ಒತ್ತಿದರೆ ಆಗುವ ಕೆಲಸಕ್ಕೆ ಏಳು ತಿಂಗಳಾ?

ಬಟನ್ ಒತ್ತುವುದು ಎರಡು ನಿಮಿಷದ ಕೆಲಸವೇ. ಒತ್ತಿದ ಮೇಲೆ ಏನಾಗಬಹುದು ಅನ್ನುವುದಕ್ಕೆ ಎರಡು ಕಥೆ ಹೇಳುತ್ತೇನೆ.

2018ರಲ್ಲಿ ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ ಅದು) ಇವೆಂಟ್ ಸ್ಟ್ರೀಮ್ ಅಂತ ಒಂದು ಪ್ಯಾಕೇಜ್, ಅಂದ್ರೆ ಬೇರೆ ಪ್ರೋಗ್ರಾಂಗಳು ಬಳಸುವ ಕೋಡಿನ ಕಟ್ಟು, ಇತ್ತು. ಲಕ್ಷಗಟ್ಟಲೆ ಜನ ಇಳಿಸಿಕೊಳ್ಳುತ್ತಿದ್ದರು, ಬರೆದವರಿಗೆ ಅದರಲ್ಲಿ ಆಸಕ್ತಿ ಹೋಗಿ ವರ್ಷಗಳಾಗಿದ್ದವು. ಗುರುತಿಲ್ಲದ ಒಬ್ಬರು ಮೇಲ್ ಮಾಡಿ, ನಾನು ನೋಡಿಕೊಳ್ಳುತ್ತೇನೆ ಅಂದರು. ಕೊಟ್ಟರು. ಹೊಸಬರು ಅದರೊಳಗೆ ಇನ್ನೊಂದು ಪ್ಯಾಕೇಜ್ ಸೇರಿಸಿದರು. ಅದರ ಹೊಟ್ಟೆಯಲ್ಲಿ ಇದ್ದದ್ದು ಕೋಪೇ ಅನ್ನುವ ಬಿಟ್‌ಕಾಯಿನ್ ವಾಲೆಟ್‌ನಿಂದ ಕದಿಯುವ ಕೋಡ್. ಕೊಟ್ಟವರು ಕೆಟ್ಟವರಲ್ಲ. ಸುಸ್ತಾಗಿದ್ದವರು. ಆ ಕಥೆ ಓದಿದಾಗ ನನಗೆ ಬೆವರು ಬಂದಿದ್ದು ಯಾಕೆ ಅಂದ್ರೆ, ಅಂಥ ಮೇಲ್ ಆ ಹೊತ್ತಿಗೆ ನನಗೆ ಬಂದಿದ್ದರೆ ನಾನೂ ಕೊಟ್ಟುಬಿಡುತ್ತಿದ್ದೆ.

ಎರಡನೆಯದು ಇನ್ನೂ ಗಟ್ಟಿ. ಎಕ್ಸ್‌ಜೆಡ್ ಅನ್ನುವ, ಫೈಲ್ ಕುಗ್ಗಿಸುವ ಸಾಧನ. ಲಿನಕ್ಸ್ ಇರುವ ಕಡೆಯೆಲ್ಲ ಇರುತ್ತದೆ. ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ. 2021ರಿಂದ ಜಿಯಾ ಟ್ಯಾನ್ ಅನ್ನುವ ಹೆಸರಿನವರು ಒಳ್ಳೊಳ್ಳೆ ಕೋಡ್ ಕಳಿಸತೊಡಗಿದರು. ಪಕ್ಕದಲ್ಲೇ ಬೇರೆ ಹೆಸರುಗಳು ಬಂದು, "ಕೆಲಸ ನಿಧಾನ, ಬೇರೆಯವರಿಗೆ ಕೊಡಿ" ಅಂತ ಒತ್ತಡ ಹಾಕಿದವು. ಕೊನೆಗೆ ಜಿಯಾ ಟ್ಯಾನ್‌ಗೆ ರಿಲೀಸ್ ಮಾಡುವ, ಅಂದ್ರೆ ಹೊಸ ಆವೃತ್ತಿ ಹೊರಗೆ ಬಿಡುವ ಅಧಿಕಾರ ಸಿಕ್ಕಿತು. 2024ರಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬೇರೆಯವರ ಕಂಪ್ಯೂಟರಿಗೆ ಕದ್ದು ನುಗ್ಗುವ ಹಿಂಬಾಗಿಲು ಇತ್ತು. ಸಿಕ್ಕಿದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್‌ಗೆ, ಎಸ್‌ಎಸ್‌ಹೆಚ್ ಲಾಗಿನ್ (ದೂರದ ಕಂಪ್ಯೂಟರಿನೊಳಗೆ ಹೋಗುವ ದಾರಿ) ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅನುಮಾನ ಬಂತು. ಬೆನ್ನುಹತ್ತಿ ಹೋದರು. ಮಾರ್ಚ್ 29ಕ್ಕೆ ಜಗತ್ತಿಗೆ ತಿಳಿಸಿದರು.

ನಮ್ಮ ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳು ಸುತ್ತಿನ ಕೋಟೆ, ಹೈದರಾಲಿಗೆ ಸುಲಭಕ್ಕೆ ಬಗ್ಗಲಿಲ್ಲ, ಆದರೆ ಒಂದು ಕಿಂಡಿ ಇತ್ತು. ಓಬವ್ವನ ಕಥೆಯಲ್ಲಿ ನಾವೆಲ್ಲ ಒನಕೆಯನ್ನೇ ನೋಡುತ್ತೇವೆ. ನನಗೆ ಈಗ ಕಾಣುವುದು ಕಾವಲುಗಾರ. ಅಷ್ಟು ದೊಡ್ಡ ಕೋಟೆಯ ಆ ಮೂಲೆಗೆ ಒಬ್ಬನೇ ಕಾವಲು, ಅವನು ಊಟಕ್ಕೆ ಹೋಗಿದ್ದಾನೆ. ನೀರಿಗೆ ಅಂತ ಬಂದ ಹೆಂಡತಿ ಕಣ್ಣಿಗೆ ಬಿತ್ತು, ಸರಿ. ಎಕ್ಸ್‌ಜೆಡ್ ಕಥೆಯಲ್ಲಿ ಅರ್ಧ ಸೆಕೆಂಡ್ ಗಮನಿಸಿದವರು ಓಬವ್ವನೇ.

ಹಾಗಾದರೆ ಎರಡು ವರ್ಷ ಒಳ್ಳೆ ಕೆಲಸ ಮಾಡಿ ತೋರಿಸಿದವರನ್ನೂ ನಂಬಬಾರದಾ? ನಂಬಬೇಕು, ಇಲ್ಲದಿದ್ದರೆ ಯಾವ ಪ್ರಾಜೆಕ್ಟೂ ಕೈ ಬದಲಾಗುವುದಿಲ್ಲ. ಆದರೆ ಅವಸರ ಮಾಡುವವರಿಗೆ ಕೊಡಬಾರದು, ಒತ್ತಡಕ್ಕೆ ಕೊಡಬಾರದು, ಎಲ್ಲ ಬೀಗದ ಕೈಯನ್ನೂ ಒಂದೇ ದಿನ ಕೊಡಬಾರದು. ನಾನಂತೂ ಮುಖ ನೋಡಿ, ಎದುರು ಕೂತು, ದೋಸೆ ತಿಂದು ಕೊಟ್ಟೆ. ದಾವಣಗೆರೆ–ದುರ್ಗ ಅಂದ್ರೆ ಸುಮಾರು 60 ಕಿಲೋಮೀಟರ್, ಆ ಅನುಕೂಲ ಎಲ್ಲರಿಗೂ ಇರುವುದಿಲ್ಲ ಅನ್ನುವುದು ಗೊತ್ತಿದೆ.

ಯಾವುದನ್ನು ಮೊದಲು ಕೊಟ್ರಿ?

ಅಧಿಕಾರ ಕಡಿಮೆ ಇರುವುದನ್ನು. ಮೊದಲು ದೂರುಗಳಿಗೆ ಉತ್ತರ ಬರೆಯುವುದು, ಅವಕ್ಕೆ ಸರಿಯಾದ ಲೇಬಲ್ ಹಚ್ಚುವುದು. ಆಮೇಲೆ ಬೇರೆಯವರ ಪುಲ್ ರಿಕ್ವೆಸ್ಟ್ (ಕೋಡ್ ತಿದ್ದಿ, ಸೇರಿಸಿಕೊಳ್ಳಿ ಅಂತ ಕಳಿಸುವುದು) ನೋಡಿ ಒಪ್ಪುವುದು. ಆಮೇಲೆ ರಿಲೀಸ್.

ಗಿಟ್‌ಹಬ್‌ನಲ್ಲಿ (ಕೋಡ್ ಇಡುವ ತಾಣ ಅದು) ಒಂದು ತೊಡಕು ಇದೆ. ರೆಪೊ, ಅಂದ್ರೆ ಪ್ರಾಜೆಕ್ಟಿನ ಕೋಡ್ ಇರುವ ಕಪಾಟು, ನಿಮ್ಮ ಸ್ವಂತ ಖಾತೆಯಲ್ಲಿದ್ದರೆ ಇರುವುದು ಎರಡೇ ದರ್ಜೆ, ಒಂದು ಯಜಮಾನ, ಇನ್ನೊಂದು ಸಹಭಾಗಿ. ಆರ್ಗನೈಸೇಷನ್ ಖಾತೆ ಮಾಡಿ ಅದರೊಳಗೆ ಇಟ್ಟರೆ, ಬರೀ ಓದುವುದರಿಂದ ಹಿಡಿದು ಪೂರ್ತಿ ಅಧಿಕಾರದವರೆಗೆ ಐದು ಮೆಟ್ಟಿಲು ಸಿಗುತ್ತವೆ. ಮೆಟ್ಟಿಲು ಹತ್ತಿಸುತ್ತಾ ಹೋಗಬಹುದು. ನಾನು ಮೊದಲು ಅದನ್ನೇ ಮಾಡಿದೆ.

ಪೈಥಾನ್ ಭಾಷೆಯ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಪೈಪಿಐ ತಾಣದಲ್ಲೂ ಎರಡು ದರ್ಜೆ. 'ಮೇಂಟೇನರ್' ಆದವರು ಹೊಸ ಆವೃತ್ತಿ ಏರಿಸಬಹುದು, ಆದರೆ ಬೇರೆಯವರನ್ನು ಸೇರಿಸಲು, ಪ್ಯಾಕೇಜ್ ಅಳಿಸಲು ಆಗುವುದಿಲ್ಲ. 'ಓನರ್' ಎಲ್ಲವನ್ನೂ ಮಾಡಬಹುದು. ದೀಪಾವಳಿಗೆ ಅವರು ಮೇಂಟೇನರ್ ಆದರು, ಯುಗಾದಿಗೆ ಓನರ್. ನಡುವೆ ಎರಡು ರಿಲೀಸ್ ಅವರೇ ಮಾಡಿದರು. ಮೊದಲನೆಯದರಲ್ಲಿ ನಾನು ಪಕ್ಕದಲ್ಲಿ ಕೂತು ನೋಡಿದೆ. ಎರಡನೆಯದರ ದಿನ ಬೇಕಂತಲೇ ಫೋನ್ ಮನೆಯಲ್ಲಿ ಬಿಟ್ಟು ಗಾಜಿನ ಮನೆ ಕಡೆ ಮಗಳನ್ನು ಕರೆದುಕೊಂಡು ಹೋದೆ. ಬಂದು ನೋಡಿದರೆ ರಿಲೀಸ್ ಆಗಿತ್ತು, ಯಾವ ಕರೆಯೂ ಬಂದಿರಲಿಲ್ಲ. ಸ್ವಲ್ಪ ಬೇಜಾರೂ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ.

ರೆಪೊ ಬೇರೆ ಖಾತೆಗೆ ಹೋದರೆ ಹಳೆಯ ಲಿಂಕ್ ಸತ್ತುಹೋಗುತ್ತಾ?

ಇಲ್ಲ. ಗಿಟ್‌ಹಬ್ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುತ್ತದೆ. ದೂರುಗಳು, ಪುಲ್ ರಿಕ್ವೆಸ್ಟ್, ನಕ್ಷತ್ರ ಎಲ್ಲ ಜೊತೆಗೇ ಹೋಗುತ್ತವೆ. ಸ್ವಂತ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸುತ್ತಿದ್ದರೆ, ಅವರಿಗೆ ಬರುವ ಮೇಲ್‌ಗೆ ಒಂದು ದಿನದೊಳಗೆ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಮತ್ತೆ ಶುರುವಿಂದ. ಎರಡು ಎಚ್ಚರಿಕೆ. ಹಳೆಯ ಖಾತೆಯಲ್ಲಿ ಅದೇ ಹೆಸರಿನ ಹೊಸ ರೆಪೊ ಮಾಡಿದರೆ ಆ ದಾರಿ ತೋರಿಸುವುದು ನಿಂತೇಹೋಗುತ್ತದೆ. ಇನ್ನೊಂದು, ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟ ಪುಟಗಳಿಗೆ ಈ ಸೌಲಭ್ಯ ಇಲ್ಲ. ನಮ್ಮ ಕೈಪಿಡಿ ಪುಟ ಎರಡು ದಿನ ಕಾಣದಿದ್ದದ್ದು ಇದಕ್ಕೇ. ತಪ್ಪು ನನ್ನದು.

ಪಾಸ್‌ವರ್ಡ್ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕಲ್ವಾ?

ಪಾಸ್‌ವರ್ಡ್ ಕೊಡುವುದೇ ಬೇಡ. ಅವರವರ ಖಾತೆಯಿಂದ ಅವರವರು ಬರಲಿ, ಅಧಿಕಾರ ಮಾತ್ರ ಕೊಡಿ. 2024ರಿಂದ ಪೈಪಿಐನಲ್ಲಿ ಎರಡು ಹಂತದ ಪರಿಶೀಲನೆ ಕಡ್ಡಾಯ, ಹಾಗಾಗಿ ಒಂದೇ ಖಾತೆ ಇಬ್ಬರು ಬಳಸಲು ಹೋದರೆ ಒಟಿಪಿ ಕೇಳಿಕೊಂಡು ಫೋನ್ ಮಾಡುತ್ತಾ ಕೂರಬೇಕು. ಪಾಸ್‌ವರ್ಡ್ ಬದಲು ಪ್ರೋಗ್ರಾಂಗಳು ಬಳಸುವ ಹಳೆಯ ಟೋಕನ್‌ಗಳನ್ನು ಹೊಸಬರಿಗೆ ಕೊಡಬೇಡಿ. ರದ್ದು ಮಾಡಿ, ಅವರು ಹೊಸದು ಮಾಡಿಕೊಳ್ಳಲಿ. ಬಾಡಿಗೆ ಮನೆ ಬಿಟ್ಟವರು ಹೋದ ಮೇಲೆ ಬೀಗ ಬದಲಾಯಿಸುತ್ತೇವಲ್ಲ, ಹಾಗೆ.

ಇದನ್ನು ಮಾಡುವಾಗಲೇ ಗೊತ್ತಾಗಿದ್ದು, ಶುರುವಿನ ವರ್ಷ ಗಿಟ್‌ಗೆ ಸೇರಿಸಿದ ಒಂದು ಬದಲಾವಣೆಯಲ್ಲಿ, ಅಂದ್ರೆ ಕಮಿಟ್‌ನಲ್ಲಿ ನನ್ನ ಟೋಕನ್ ಹಾಗೇ ಬಿದ್ದಿತ್ತು. ಮಾರನೇ ದಿನವೇ ಫೈಲಿನಿಂದ ಅಳಿಸಿದ್ದೆ. ಗಿಟ್ ಏನನ್ನೂ ಮರೆಯುವುದಿಲ್ಲ ಅನ್ನುವುದನ್ನು ನಾನು ಮರೆತಿದ್ದೆ. ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದದ್ದು ಪುಣ್ಯ.

ಡೊಮೇನ್ ಹೆಸರು, ಅಂದ್ರೆ ವೆಬ್‌ಸೈಟಿನ ವಿಳಾಸ?

ಎಲ್ಲರೂ ಮರೆಯುವುದು ಇದನ್ನೇ. ಯಾರ ಕಾರ್ಡಿನಿಂದ ದುಡ್ಡು ಹೋಗುತ್ತದೆ, ನೆನಪಿನ ಮೇಲ್ ಯಾವ ವಿಳಾಸಕ್ಕೆ ಬರುತ್ತದೆ, ಎರಡನ್ನೂ ಬರೆದಿಡಿ. ನನ್ನದು ಒಮ್ಮೆ ಅವಧಿ ಮುಗಿದು ಮೂರು ದಿನ ಬಂದ್ ಆಗಿತ್ತು, ಮೇಲ್ ಹೋಗುತ್ತಿದ್ದದ್ದು ಹಳೇ ಆಫೀಸಿನ ವಿಳಾಸಕ್ಕೆ. ಡೊಮೇನ್ ಮಾರುವ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಾದರೆ ಈಗಿನವರಿಂದ ಒಂದು ಕೋಡ್ ತಗೊಳ್ಳಬೇಕು. ಡೊಮೇನ್ ಒಪ್ಪಿಸುವ ಮೊದಲು ಒಂದು ವರ್ಷದ ದುಡ್ಡು ಕಟ್ಟಿ ಕೊಡುವುದು ಮರ್ಯಾದೆ.

ಕಾಪಿರೈಟ್ ಈಗ ಯಾರದ್ದು?

ಬರೆದವರದ್ದೇ. ಮೇಂಟೇನರ್ ಬದಲಾದರೆ ಕಾಪಿರೈಟ್ ಬದಲಾಗುವುದಿಲ್ಲ. ನಾನು ಬರೆದ ಸಾಲು ನನ್ನದು, ಅವರು ಬರೆದದ್ದು ಅವರದ್ದು, ನಡುವೆ ಒಂದು ಕಾಗುಣಿತ ತಿದ್ದಿ ಕಳಿಸಿದ ಹರಿಹರದ ಮೇಷ್ಟ್ರದ್ದು ಅವರದ್ದು. ಎಲ್ಲರೂ ಜಿಪಿಎಲ್ ಅಡಿ ಕೊಟ್ಟಿದ್ದೇವೆ. ಹಾಗಾಗಿ ಹೊಸ ಮೇಂಟೇನರ್ ನಾಳೆ ಇದನ್ನು ಮುಚ್ಚಿದ ಸಾಫ್ಟ್‌ವೇರ್ ಮಾಡಿ ಮಾರಬೇಕು ಅಂದರೆ ಬರೆದ ಎಲ್ಲರ ಒಪ್ಪಿಗೆ ಬೇಕು. ಇದು ನಿಮಗೂ ಒಂದು ರಕ್ಷೆ.

ಕಾಪಿರೈಟನ್ನೂ ಬರೆದುಕೊಡುತ್ತೇನೆ ಅನ್ನುವವರು ಗಮನಿಸಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ. (ನನ್ನ ಕೋಡ್ ನೋಡಿದವರು ನಗಬಹುದು.) ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಅರ್ಥ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬಾಯಿಮಾತಿನಲ್ಲಿ "ಎಲ್ಲ ನಿಂದೇ ತಗೋ ತಂಗಿ" ಅಂದರೆ ಆಗುವುದಿಲ್ಲ.

ನಾನು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಅವರನ್ನು ಕೇಳಬೇಕಾ?

ಆಫೀಸ್ ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದೇ ಕಾಯ್ದೆಯ ಪ್ರಕಾರ ಮೊದಲ ಹಕ್ಕು ಕಂಪನಿಯದ್ದು. ನಿಮ್ಮದಲ್ಲದ್ದನ್ನು ನೀವು ಕೊಡಲಾಗದು. ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ತಲೆಯೊಳಗೆ ಇರುವುದನ್ನು ಹೇಗೆ ಕೊಡೋದು?

ಕಷ್ಟ ಇರುವುದು ಇಲ್ಲೇ. ಕೈಪಿಡಿ ಬರೆಯಲು ಕೂತರೆ, ನನಗೆ ಗೊತ್ತಿದೆ ಅಂತ ನನಗೇ ಗೊತ್ತಿರುವುದನ್ನು ಮಾತ್ರ ಬರೆದೆ. ಉಳಿದದ್ದು ಹೊರಗೆ ಬಂದದ್ದು ಅವರು ಪ್ರಶ್ನೆ ಕೇಳಿದಾಗ.

ಒಂದು ಭಾನುವಾರ ಬಸ್ಸಿನಲ್ಲಿ ಬಂದರು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತೆವು. ಒಂದು ಓಪನ್, ಒಂದು ಖಾಲಿ, ನಡುವೆ ಲ್ಯಾಪ್‌ಟಾಪ್. "ಕೀಬೋರ್ಡಿಗೆ ಬೆಣ್ಣೆ ತಾಗೀತು ನೋಡ್ರಿ" ಅಂತ ಸಪ್ಲೈಯರ್ ಎರಡು ಸಲ ಹೇಳಿ ಹೋದ. ಅವರು ಒಂದು ಸಾಲು ತೋರಿಸಿ ಕೇಳಿದರು:

"ಅಣ್ಣ, ಇಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸ್ತಿದೀರಲ್ಲ, ಯಾಕೆ? ಪಕ್ಕದಲ್ಲಿ 'ಮುಟ್ಟಬೇಡಿ' ಅಂತ ಬೇರೆ ಬರೆದಿದೀರ."

ನನಗೆ ನೆನಪಾಗಲಿಲ್ಲ. ಬರೆದವನು ನಾನೇ. ಚಟ್ನಿ ಎರಡನೇ ಸಲ ಬಂತು, ಆಗಲೂ ನೆನಪಾಗಲಿಲ್ಲ. ಕೊನೆಗೆ ಅವರೇ ಆ ಸಾಲು ತೆಗೆದು ಪರೀಕ್ಷೆ ಓಡಿಸಿದರು. 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಯಿತು. ಆಗ ಹೊಳೆಯಿತು. ಯೂನಿಕೋಡ್‌ನಲ್ಲಿ ರ, ಹಲಂತ, ಯ ಒಟ್ಟಿಗೆ ಬಂದರೆ 'ಸೂರ್ಯ'ದ ಹಾಗೆ ಅರ್ಕಾವತ್ತಾಗುತ್ತದೆ. ರ ಹಾಗೇ ನಿಂತು ಕೆಳಗೆ ಯ ಒತ್ತು ಬರಬೇಕಾದರೆ, ರ ಆದ ಕೂಡಲೇ ಅಗಲವಿಲ್ಲದ ಆ ಜೋಡಕ ಅಕ್ಷರ ಬೇಕು. ಯಾವುದೋ ಕಾಲೇಜಿನ ಫಲಿತಾಂಶದ ಪಟ್ಟಿಗಾಗಿ ಒಂದು ರಾತ್ರಿ ಕೂತು ಹಾಕಿದ ಸಾಲು ಅದು.

ಅವತ್ತು ಅವರು 'ಮುಟ್ಟಬೇಡಿ' ಅಳಿಸಿ, ಅದೇ ಜಾಗದಲ್ಲಿ ಕಾರಣ ಬರೆದರು. ನನ್ನ ಕೋಡಿನಲ್ಲಿ ಇಂಥ 'ಮುಟ್ಟಬೇಡಿ'ಗಳು ಹನ್ನೊಂದು ಇದ್ದವು. ಏಳಕ್ಕೆ ಕಾರಣ ಸಿಕ್ಕಿದೆ. ಉಳಿದ ನಾಲ್ಕಕ್ಕೆ ಇನ್ನೂ ನಾಲ್ಕು ದೋಸೆ ಬೇಕಾಗಬಹುದು.

ತಗೊಳ್ಳುವವರು ಯಾರೂ ಸಿಗದಿದ್ದರೆ?

ರೀಡ್‌ಮಿಯ (ಪ್ರಾಜೆಕ್ಟಿನ ಪರಿಚಯದ ಫೈಲು) ಮೊದಲ ಸಾಲಿನಲ್ಲೇ "ಇದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ" ಅಂತ ಬರೆದು ರೆಪೊವನ್ನು ಆರ್ಕೈವ್ ಮಾಡಿ. ಓದಬಹುದು, ಫೋರ್ಕ್ ಮಾಡಬಹುದು, ಬದಲಾಯಿಸಲು ಆಗುವುದಿಲ್ಲ. ಲಿನಕ್ಸ್ ಹಂಚುವ ಡೆಬಿಯನ್‌ನವರು ಇಂಥ ಪ್ಯಾಕೇಜುಗಳನ್ನು ತಬ್ಬಲಿ ಅಂತಲೇ ಪಟ್ಟಿ ಮಾಡಿಟ್ಟಿರುತ್ತಾರೆ, ಯಾರಾದರೂ ಸಾಕಲು ಬರಲಿ ಅಂತ. ಅದರಲ್ಲಿ ಅವಮಾನ ಏನಿಲ್ಲ. ಗುರುತಿಲ್ಲದ ಕೈಗೆ ಕೊಡುವುದಕ್ಕಿಂತ ಬೀಗ ಹಾಕಿ ಬೋರ್ಡು ತಗುಲಿಸುವುದು ಎಷ್ಟೋ ಮೇಲು. ಸಿಟ್ಟಿನಲ್ಲಿ ಅಳಿಸುವುದು ಮಾತ್ರ ಬೇಡ. 2016ರಲ್ಲಿ ಲೆಫ್ಟ್ ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜ್ ಎನ್‌ಪಿಎಂನಿಂದ ತೆಗೆದಿದ್ದಕ್ಕೆ ಎಷ್ಟು ಕಡೆ ಕೆಲಸ ನಿಂತಿತ್ತು ಅಂದರೆ, ಎನ್‌ಪಿಎಂನವರೇ ಅದನ್ನು ವಾಪಸ್ ತಂದು ಕೂರಿಸಬೇಕಾಯಿತು.

ಯಾರಾದರೂ ದುಡ್ಡು ಕೊಟ್ಟು ಕೊಳ್ಳಲು ಬಂದರೆ?

ಪುಕ್ಕಟೆ ಸಿಗುವ ಕೋಡಿಗೆ ಯಾಕೆ ದುಡ್ಡು ಕೊಡುತ್ತಿದ್ದಾರೆ ಅಂತ ಯೋಚಿಸಿ. ಅವರು ಕೊಳ್ಳುತ್ತಿರುವುದು ಬೀಗದ ಕೈ. ಗ್ರೇಟ್ ಸಸ್ಪೆಂಡರ್ ಅನ್ನುವ ಕ್ರೋಮ್ ಎಕ್ಸ್‌ಟೆನ್ಷನ್ 2020ರಲ್ಲಿ ಹೀಗೆ ಕೈ ಬದಲಾಯಿತು. 2021ರ ಫೆಬ್ರುವರಿಯಲ್ಲಿ, ಅದರಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್ ಅದನ್ನು ತೆಗೆದುಹಾಕಿತು. ನನಗೂ ಒಂದು ಮೇಲ್ ಬಂದಿತ್ತು, ಹೆಸರಿಲ್ಲ, ಊರಿಲ್ಲ, ಬರೀ "ಒಳ್ಳೆ ಬೆಲೆ". ಉತ್ತರ ಬರೆಯಲಿಲ್ಲ.

ಒಬ್ಬರ ಬದಲು ಸಮಿತಿ ಮಾಡಬಹುದಿತ್ತಲ್ಲ?

ದೊಡ್ಡ ಪ್ರಾಜೆಕ್ಟಿಗೆ ಸರಿ. ಪೈಥಾನ್ ಹುಟ್ಟುಹಾಕಿದ ಗಿಡೊ ವಾನ್ ರೋಸಮ್ 2018ರಲ್ಲಿ ಪೈಥಾನ್ ಯಜಮಾನಿಕೆ ಬಿಟ್ಟಾಗ ಯಾರನ್ನೂ ನೇಮಿಸಲಿಲ್ಲ. ಉಳಿದವರೇ ಕೂತು ಚರ್ಚಿಸಿ, ಐದು ಜನರ ಮಂಡಳಿಯನ್ನು ಮತ ಹಾಕಿ ಆರಿಸಿಕೊಂಡರು. ನಮ್ಮದರಲ್ಲಿ ಐದು ಜನ ಎಲ್ಲಿಂದ ತರೋದು? ಮಂತ್ರಿಮಂಡಲಕ್ಕಿಂತ ಊರೇ ಚಿಕ್ಕದು.

ಮೇಂಟೇನರ್ ತೀರಿಕೊಂಡರೆ?

ಅಪಶಕುನ ಅಂತ ತಳ್ಳಿಹಾಕಬೇಡಿ. ವಿಮ್ ಅನ್ನುವ ಟೆಕ್ಸ್ಟ್ ಎಡಿಟರ್ ಬರೆದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಬಹಳ ವರ್ಷದಿಂದ ಜೊತೆಗಿದ್ದ ಕ್ರಿಶ್ಚಿಯನ್ ಬ್ರಾಬಂಟ್ ಮುಂದೆ ನಿಂತು ನಡೆಸಿದರು. ಮುಂದಿನ ಜನವರಿಯಲ್ಲಿ ಬಂದ 9.1 ಆವೃತ್ತಿಯನ್ನು ಮೂಲೆನಾರ್ ಅವರಿಗೇ ಅರ್ಪಿಸಿದರು.

ಗಿಟ್‌ಹಬ್‌ನಲ್ಲಿ ಉತ್ತರಾಧಿಕಾರಿಯನ್ನು ಹೆಸರಿಸುವ ಸೌಲಭ್ಯ ಇದೆ. ಹೆಸರಿಸಿದವರು ಮರಣ ಪ್ರಮಾಣಪತ್ರ ಕೊಟ್ಟರೆ 7 ದಿನದ ನಂತರ ನಿಮ್ಮ ಸಾರ್ವಜನಿಕ ರೆಪೊಗಳನ್ನು ನೋಡಿಕೊಳ್ಳಬಹುದು. ನಿಮ್ಮ ಖಾತೆಗೆ ಲಾಗಿನ್ ಆಗುವುದಿಲ್ಲ. ಎರಡು ನಿಮಿಷದ ಕೆಲಸ. ಎಲ್ಐಸಿ ನಾಮಿನಿ ಬರೆಸುವಾಗ ನಮಗೆ ಬಾರದ ನಾಚಿಕೆ ಇಲ್ಲೇಕೆ?

ಬೇರೆಯವರು ಬಿಟ್ಟುಹೋದ ಪ್ಯಾಕೇಜ್ ನಾನು ತಗೊಳ್ಳಬಹುದಾ?

ಪೈಪಿಐನಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. ಯಜಮಾನರು ಸಂಪರ್ಕಕ್ಕೆ ಸಿಗಬಾರದು, 12 ತಿಂಗಳಿಂದ ರಿಲೀಸ್ ಆಗಿರಬಾರದು, ಪ್ರಾಜೆಕ್ಟಿನಲ್ಲಿ ಅವರ ಓಡಾಟ ಇರಬಾರದು. ಅಲ್ಲಿನವರು ಕನಿಷ್ಠ ಮೂರು ಸಲ ಅವರನ್ನು ಹುಡುಕಿ, ಆರು ವಾರ ಕಾದು, ಆಮೇಲೆ ತೀರ್ಮಾನಿಸುತ್ತಾರೆ. ಅದಕ್ಕೂ ಮೊದಲು ನೀವೇ ಒಂದು ಮೇಲ್ ಬರೆಯಿರಿ. "ಕೊಡಿ" ಅಂತ ಅಲ್ಲ. ನೀವು ಸರಿಮಾಡಿದ ಒಂದು ತಪ್ಪನ್ನು ಜೊತೆಗಿಟ್ಟು, "ಸಹಾಯ ಬೇಕಾ ಸರ್" ಅಂತ.

ಹೊಸಬರು ತಪ್ಪು ಮಾಡಿದರೆ ನೀವು ವಾಪಸ್ ಬರ್ತೀರಾ?

ಬರಲು ಆಗದ ಹಾಗೆ ಮಾಡಿಕೊಂಡಿದ್ದೇನೆ. ಯುಗಾದಿ ಮಾರನೇ ದಿನ ಪೈಪಿಐನಿಂದ, ಗಿಟ್‌ಹಬ್‌ನಿಂದ ನನ್ನ ಅಧಿಕಾರ ನಾನೇ ತೆಗೆಸಿದೆ. ಒಬ್ಬನೇ ಕಾವಲು ಇದ್ದರೆ ಏನಾಗುತ್ತದೆ ಅಂತ ಮೇಲೆ ಹೇಳಿದವನೇ ನಾನು, ಹಾಗಾಗಿ ಎರಡನೇ ಬೀಗದ ಕೈ ಅವರು ಆರಿಸಿದ ಒಬ್ಬರ ಬಳಿ ಇದೆ. ನನ್ನ ಬಳಿ ಇದ್ದರೆ ನಾನು ಸುಮ್ನೆ ಇರುವವನಲ್ಲ.

ಕಳೆದ ತಿಂಗಳು ಅವರು ಮೆನುವಿನ ಬಟನ್‌ಗಳ ಜಾಗ ಬದಲಾಯಿಸಿದರು. ಒಂಬತ್ತು ವರ್ಷದಿಂದ ಎಡಕ್ಕೆ ಇದ್ದದ್ದು ಬಲಕ್ಕೆ ಹೋಗಿತ್ತು. ರಾತ್ರಿ ಹನ್ನೊಂದಕ್ಕೆ ಎರಡು ಪ್ಯಾರಾ ಆಕ್ಷೇಪ ಬರೆದೆ. ಓದಿದೆ. ಅಳಿಸಿದೆ. ವಾರದ ನಂತರ ಮಂಡಿಪೇಟೆಯ ಅದೇ ಪ್ರೆಸ್ಸಿನವರು ಸಿಕ್ಕಾಗ "ಬಟನ್ ಈಗ ಕೈಗೆ ಸಲೀಸಾಗಿ ಸಿಗ್ತದೆ ಬಿಡ್ರಿ" ಅಂದರು. ಯಾರು ಬದಲಾಯಿಸಿದ್ದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗಲೂ ನಿಮಗೆ ಫೋನ್ ಮಾಡಬಹುದಾ?

ಮಾಡಿ. ದೋಸೆಗೆ ಕರೆದರೆ ಬರುತ್ತೇನೆ. ಅರ್ಕಾವತ್ತಿನ ವಿಷಯ ಆದರೆ ರೆಪೊದಲ್ಲಿ ಇಶ್ಯೂ (ದೂರು) ಹಾಕಿ. ಎಂಟು ತಿಂಗಳು ಕೂತಿತ್ತು ಅಂದೆನಲ್ಲ, ಅದನ್ನು ಅವರು ಬಂದ ಎರಡನೇ ವಾರದಲ್ಲೇ ಮುಗಿಸಿದ್ದಾರೆ.